ಬೇಸಿಗೆಯಲ್ಲೂ ಶಾಲು: ಥೈರಾಯ್ಡ್ ಚಳಿ ಎಲ್ಲಿಂದ ಬರತ್ತೆ, ಮಾತ್ರೆ ತಗೊಂಡ್ರೂ ಯಾಕೆ ಹೋಗಲ್ಲ

ಏಪ್ರಿಲ್ ತಿಂಗಳು, ದಾವಣಗೆರೆ. ಹೊರಗೆ ಕಾಲಿಟ್ರೆ ಮುಖಕ್ಕೆ ಬಿಸಿಗಾಳಿ ಹೊಡಿಯೋ ಹೊತ್ತಲ್ಲಿ ನಮ್ಮಕ್ಕ ನಡುಮನೆಯಲ್ಲಿ ಕಾಲಿಗೆ ಸಾಕ್ಸ್ ಹಾಕ್ಕೊಂಡು ಶಾಲು ಹೊದ್ಕೊಂಡು ಕೂತಿದ್ಲು, ಫ್ಯಾನ್ ಹಾಕಿದ್ರೆ ಎದ್ದು ಬೇರೆ ರೂಮಿಗೆ ಹೋಗೋಳು. ಅವಳ ಕೈ ಹಿಡಿದು ನೋಡಿದೆ, ಫ್ರಿಡ್ಜಿಂದ ಆಗಷ್ಟೇ ತೆಗೆದ ಸೌತೆಕಾಯಿ ಥರ ತಣ್ಣಗಿತ್ತು. ಜ್ವರ ಏನಾದ್ರೂ ಇದೆಯೇನೇ ಅಂತ ಅಮ್ಮ ದಿನಕ್ಕೆ ಮೂರು ಸಲ ಹಣೆ ಮುಟ್ಟಿ ನೋಡೋರು. ಜ್ವರ ಇರ್ಲಿಲ್ಲ. ಅವಳಿಗೆ ಥೈರಾಯ್ಡ್ ಇದೆ, ಅಂದ್ರೆ ಥೈರಾಯ್ಡ್ ಹಾರ್ಮೋನ್ ಕಮ್ಮಿ ಇದೆ ಅಂತ ಗೊತ್ತಾಗಿ ಆಗಲೇ ಎರಡು ವರ್ಷ ಆಗಿತ್ತು, ಮಾತ್ರೆ ದಿನಾ ತಗೋತಿದ್ಲು, ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ರಿಪೋರ್ಟ್ ನಾರ್ಮಲ್ ಅಂತಲೇ ಬಂದಿತ್ತು. ಹಂಗಾದ್ರೆ ಈ ಚಳಿ ಯಾಕೆ?

ಈ ಪ್ರಶ್ನೆ ನಮ್ಮನೇಲಿ ಮಾತ್ರ ಅಲ್ಲ, ಥೈರಾಯ್ಡ್ ಮಾತ್ರೆ ನುಂಗೋರ ಎಷ್ಟೋ ಮನೇಲಿ ಇದೆ, ಅದಕ್ಕೆ ಸಿಗೋ ಉತ್ತರ ಮಾತ್ರ ಸಾಮಾನ್ಯವಾಗಿ ಎರಡೇ. ಒಂದು, "ರಿಪೋರ್ಟ್ ಸರಿ ಇದೆ, ನಿಮಗೆ ಏನೂ ಇಲ್ಲ, ಮನಸ್ಸಿಗೆ ಹಚ್ಕೋಬೇಡಿ". ಇನ್ನೊಂದು, "ಡೋಸ್ ಸಾಲ್ತಿಲ್ಲ, ಜಾಸ್ತಿ ಮಾಡ್ಕೊಳ್ಳಿ". ಎಷ್ಟೋ ಸಲ ಎರಡೂ ತಪ್ಪಿರತ್ತೆ. ಚಳಿ ನಿಜ, ಆದ್ರೆ ಅದು ಥೈರಾಯ್ಡ್ ಒಂದರಿಂದಲೇ ಬರ್ತಿರೋದಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಕೊರತೆ ಸದ್ದಿಲ್ಲದೆ ಕೂತಿರತ್ತೆ, ಹೆಂಗಸರಲ್ಲಿ ಅದು ಬಹಳಷ್ಟು ಸಲ ಕಬ್ಬಿಣದ್ದು. ಇದನ್ನ ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳಬೇಕು ಅನ್ಸಿ ಬರೀತಿದೀನಿ.

ಮೊದಲು ಮೈ ಬೆಚ್ಚಗಿರೋದು ಹೇಗೆ ಅನ್ನೋದು. ಹಳೇ ಮನೆಗಳ ಬಚ್ಚಲ ಒಲೆ ನೆನಪಿದ್ರೆ ಅರ್ಥ ಮಾಡ್ಕೊಳ್ಳೋದು ಸುಲಭ. ಹಂಡೆ ನೀರು ಕಾಯಬೇಕು ಅಂದ್ರೆ ಸೌದೆ ಬೇಕು, ಸೌದೆಗೆ ಗಾಳಿ ಬೇಕು, ಆಗಾಗ ಸೌದೆ ಮುಂದಕ್ಕೆ ತಳ್ಳಿ ಊದುಗೊಳವೆ ಹಿಡಿದು ಊದೋ ಒಬ್ಬರು ಬೇಕು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇಂಥ ಒಂದು ಪುಟ್ಟ ಒಲೆ ಉರೀತಿರತ್ತೆ, ತಿಂದ ಊಟ ಸೌದೆ, ರಕ್ತ ತಂದುಕೊಡೋ ಆಮ್ಲಜನಕ ಗಾಳಿ, ಊದೋ ಕೆಲಸ ಥೈರಾಯ್ಡ್ ಹಾರ್ಮೋನಿಂದು. ಗಂಟಲ ಮುಂಭಾಗದಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂಗೆ ಇರೋ ಆ ಗ್ರಂಥಿ ಎರಡು ಹಾರ್ಮೋನ್ ಮಾಡತ್ತೆ, ಟಿ4 ಮತ್ತೆ ಟಿ3. ಆ 4, 3 ಅನ್ನೋದು ಅದರಲ್ಲಿರೋ ಅಯೋಡಿನ್ ಪರಮಾಣುಗಳ ಲೆಕ್ಕ ಅಷ್ಟೇ. ಗ್ರಂಥಿ ಕಳಿಸೋದು ಹೆಚ್ಚಾಗಿ ಟಿ4, ಅದು ಗೋದಾಮಿನ ಸರಕಿದ್ದಂಗೆ. ಲಿವರ್, ಕಿಡ್ನಿ, ಸ್ನಾಯು ಇಂಥ ಕಡೆಗೆ ಹೋಗಿ ಒಂದು ಅಯೋಡಿನ್ ಕಳಚಿಕೊಂಡು ಟಿ3 ಆದ್ಮೇಲೆ ಅದು ನಿಜವಾಗಿ ಕೆಲಸ ಮಾಡೋದು.

ಈ ಟಿ3 ಕಮ್ಮಿ ಆದ್ರೆ ಒಲೆಗಳೆಲ್ಲ ಮಂದ ಆಗ್ತವೆ. ಸುಮ್ನೆ ಮಲಗಿದ್ದಾಗಲೂ ಮೈ ಖರ್ಚು ಮಾಡೋ ಶಕ್ತಿ ಇದೆಯಲ್ಲ, ಥೈರಾಯ್ಡ್ ತೀರಾ ಕಮ್ಮಿ ಆದವರಲ್ಲಿ ಅದು ಶೇಕಡಾ 30ರಿಂದ 40ರಷ್ಟು ಇಳಿದುಬಿಡಬಹುದು. ಶಕ್ತಿ ಖರ್ಚಾದಾಗ ಜೊತೆಗೇ ಹುಟ್ಟೋದು ಶಾಖ, ಹಂಗಾಗಿ ಖರ್ಚು ಇಳಿದ್ರೆ ಶಾಖನೂ ಇಳಿಯತ್ತೆ. ಆಗ ಮೈ ಏನ್ ಮಾಡತ್ತೆ ಅಂದ್ರೆ ಇರೋ ಬಿಸಿನ ಹೃದಯ, ಮೆದುಳು, ಹೊಟ್ಟೆ ಇವಕ್ಕೆ ಉಳಿಸ್ಕೊಳ್ಳಕ್ಕೆ ಚರ್ಮದ ರಕ್ತನಾಳಗಳನ್ನ ಬಿಗಿ ಮಾಡತ್ತೆ. ಕೈಕಾಲು ಬೆರಳು, ಮೂಗಿನ ತುದಿ ಮೊದಲು ತಣ್ಣಗಾಗೋದು ಇದಕ್ಕೇ. ಬೆವರೂ ಕಮ್ಮಿ ಆಗತ್ತೆ, ಚರ್ಮ ಒಣಗಿ ಮಂಡಿ ಮೊಣಕೈ ಎಲ್ಲ ಬೂದಿ ಬಳಿದಂಗೆ ಕಾಣತ್ತೆ. ಅಕ್ಕ ತಿಂಗಳಿಗೊಂದು ಕೊಬ್ಬರಿಎಣ್ಣೆ ಬಾಟ್ಲಿ ಖಾಲಿ ಮಾಡ್ತಿದ್ಲು ಕಾಲಿಗೆ ಹಚ್ಚಕ್ಕೇ.

ಈ ಚಳಿ ಹೊಸ ಕಾಲದ ದೂರಲ್ಲ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಅನ್ನೋ ವೈದ್ಯರು ದೊಡ್ಡ ಹೆಂಗಸರಲ್ಲಿ ಮುಖ ಊದಿ ಮಾತು ಮಂದ ಆಗೋ ಈ ಸ್ಥಿತಿನ ಬರೆದಿಟ್ರು. 1891ರಲ್ಲಿ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಅನ್ನೋ ವೈದ್ಯರು 46 ವರ್ಷದ ಒಬ್ಬ ಹೆಂಗಸಿಗೆ ಕುರಿ ಥೈರಾಯ್ಡಿನ ಸಾರ ತೆಗೆದು ಇಂಜೆಕ್ಷನ್ ಕೊಟ್ರು. ಆಕೆಯ ದೂರು ಏನು ಅಂತ ಅವರು ಬರೆದಿದ್ದು ಓದಿದ್ರೆ ಇವತ್ತು ಯಾರೋ ನಮ್ಮ ಪಕ್ಕದ ಮನೆಯವರು ಹೇಳಿದಂಗೇ ಇದೆ: ಸುಸ್ತು, ಹೊಸಬರ ಮುಖ ನೋಡೋದೇ ಬೇಡ ಅನ್ಸೋದು, ವಿಪರೀತ ಚಳಿ. ಥರ್ಮಾಮೀಟರ್ ಇಟ್ರೆ ಮೈ ಶಾಖ ಎಲ್ಲರಿಗಿಂತ ಕಮ್ಮಿ. ಆ ಸಾರದಿಂದ ಆಕೆ ಎದ್ದು ಓಡಾಡೋ ಹಾಗಾದ್ರು, ಇನ್ನೂ 28 ವರ್ಷ ಬದುಕಿ 1919ರಲ್ಲಿ 74ನೇ ವಯಸ್ಸಲ್ಲಿ ತೀರಿಕೊಂಡ್ರು, ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯ್ತಂತೆ. ಈಗ ಆ ಕೆಲಸವನ್ನ ಬಾಟ್ಲಿಯಲ್ಲಿರೋ ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ಬಿಳಿ ಮಾತ್ರೆ ಮಾಡ್ತಿದೆ. ನನಗಂತೂ ಇದು ನೆನೆಸ್ಕೊಂಡಾಗೆಲ್ಲ ಆಶ್ಚರ್ಯ ಆಗತ್ತೆ.

ಇನ್ನು ರಿಪೋರ್ಟು. ಟಿಎಸ್‌ಎಚ್ ಜಾಸ್ತಿ ಬಂದ್ರೆ "ಥೈರಾಯ್ಡ್ ಜಾಸ್ತಿ ಆಗಿದೆ" ಅಂತ ತುಂಬ ಜನ ಹೇಳ್ತಾರೆ, ಅದು ಉಲ್ಟಾ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿದಲ್ಲ, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಕಳಿಸೋದು, "ಕೆಲಸ ಮಾಡು ಮಾಡು" ಅಂತ ಕೂಗೋ ಮೇಸ್ತ್ರಿ ದನಿ ಅದು. ಕೆಲಸ ನಿಧಾನ ಆದಷ್ಟೂ ಮೇಸ್ತ್ರಿ ಜೋರಾಗಿ ಕೂಗ್ತಾನೆ, ಅದಕ್ಕೇ ಗ್ರಂಥಿ ಸೋತಾಗ ಟಿಎಸ್‌ಎಚ್ ಏರತ್ತೆ. ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರತ್ತೆ, ಹೆಚ್ಚುಕಮ್ಮಿ 0.4ರಿಂದ 4.5ರವರೆಗೆ ನಾರ್ಮಲ್ ಅಂತಾರೆ. ಟಿಎಸ್‌ಎಚ್ ಏರಿ ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರೋ ಟಿ4) ಇಳಿದಿದ್ರೆ ಅದು ಸ್ಪಷ್ಟವಾದ ಹೈಪೋಥೈರಾಯ್ಡ್, ಅಂದ್ರೆ ಥೈರಾಯ್ಡ್ ಕೊರತೆ, ಮಾತ್ರೆ ಬೇಕೇ ಬೇಕು.

ನಮ್ಮ ದೇಶದಲ್ಲಿ ಇದು ಎಷ್ಟು ಜನಕ್ಕಿದೆ ಅಂದ್ರೆ, ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ 5 ಸಾವಿರಕ್ಕೂ ಹೆಚ್ಚು ಜನರನ್ನ ಪರೀಕ್ಷೆ ಮಾಡಿ 2013ರಲ್ಲಿ ಬಂದ ಅಧ್ಯಯನದಲ್ಲಿ ಸುಮಾರು ಶೇಕಡಾ 11 ಜನಕ್ಕೆ ಹೈಪೋಥೈರಾಯ್ಡ್ ಇತ್ತು, ಅವರಲ್ಲಿ ಕೆಲವರಿಗೆ ತಮಗೆ ಇದೆ ಅಂತಲೇ ಗೊತ್ತಿರ್ಲಿಲ್ಲ. ಈಗ ಹೆಚ್ಚಿನವರಿಗೆ ಕಾರಣ ಹಶಿಮೋಟೋ, ಅಂದ್ರೆ ನಮ್ಮ ರೋಗನಿರೋಧಕ ಶಕ್ತಿನೇ ಥೈರಾಯ್ಡ್ ಮೇಲೆ ತಿರುಗಿಬೀಳೋದು. 1912ರಲ್ಲಿ ಜಪಾನಿನ ಹಕಾರು ಹಶಿಮೋಟೋ ಅನ್ನೋ ವೈದ್ಯರು ನಾಲ್ಕು ಹೆಂಗಸರಲ್ಲಿ ಇದನ್ನ ಕಂಡು ಬರೆದಿದ್ದಕ್ಕೆ ಆ ಹೆಸರು.

ಈಗ ಕಬ್ಬಿಣದ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ಶೇಕಡಾ 57, ಕರ್ನಾಟಕದಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ. ಅಂದ್ರೆ ನಮ್ಮಲ್ಲಿ ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರಿಗೆ "ರಕ್ತ ಕಮ್ಮಿ". ಇಷ್ಟು ಸಾಮಾನ್ಯವಾಗಿರೋ ಒಂದು ಕೊರತೆ, ಅಷ್ಟೇ ಸಾಮಾನ್ಯವಾದ ಥೈರಾಯ್ಡ್ ಜೊತೆ ಒಬ್ಬಳೇ ಹೆಂಗಸಲ್ಲಿ ಸೇರಿಕೊಂಡಿದ್ರೆ ಅದ್ರಲ್ಲಿ ಆಶ್ಚರ್ಯ ಇಲ್ಲ, ಆದ್ರೂ ಒಂದು ಸಿಕ್ಕಿದ ತಕ್ಷಣ ಇನ್ನೊಂದನ್ನ ಹುಡುಕೋದು ಬಿಟ್ಟುಬಿಡ್ತೀವಿ.

ಕಬ್ಬಿಣ ಕಮ್ಮಿ ಆದ್ರೆ ಚಳಿ ಎರಡು ದಾರೀಲಿ ಬರತ್ತೆ. ಒಂದು ನೇರ ದಾರಿ: ಹಿಮೋಗ್ಲೋಬಿನ್ ಕಮ್ಮಿ, ಆಮ್ಲಜನಕ ಕಮ್ಮಿ, ಒಲೆಗೆ ಗಾಳಿ ಇಲ್ಲ. ಇನ್ನೊಂದು ಒಳದಾರಿ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ: ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡಬೇಕಾದ್ರೆ ಅಯೋಡಿನ್ನನ್ನ ಜೋಡಿಸೋ ಒಂದು ಕಿಣ್ವ ಬೇಕು, ಥೈರಾಯ್ಡ್ ಪೆರಾಕ್ಸಿಡೇಸ್ ಅಂತ, ಆ ಕಿಣ್ವದ ಹೊಟ್ಟೆಯೊಳಗೇ ಕಬ್ಬಿಣ ಇರತ್ತೆ. ಕಬ್ಬಿಣ ಇಲ್ಲದಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ರಕ್ತಹೀನತೆ ಇರೋ ಹೆಂಗಸರನ್ನೂ ಇಲ್ಲದೋರನ್ನೂ 28 ಡಿಗ್ರಿ ನೀರಲ್ಲಿ ಕೂರಿಸಿ ನೋಡಿದ್ರು. 28 ಡಿಗ್ರಿ ಅಂದ್ರೆ ಐಸ್ ನೀರಲ್ಲ, ಬೇಸಿಗೇಲಿ ತೊಟ್ಟಿ ನೀರು ಇರೋ ಹಾಗೆ. ರಕ್ತಹೀನತೆ ಇದ್ದವರ ಮೈ ಬೇಗ ತಣ್ಣಗಾಯ್ತು, ಅವರ ಥೈರಾಯ್ಡ್ ಹಾರ್ಮೋನೂ ಕಮ್ಮಿ ಇತ್ತು, ಕಬ್ಬಿಣ ಕೊಟ್ಟ ಮೇಲೆ ಚಳಿ ತಡ್ಕೊಳ್ಳೋ ಶಕ್ತಿ ಸುಧಾರಿಸ್ತು. ಕಬ್ಬಿಣಕ್ಕೂ ಚಳಿಗೂ ಥೈರಾಯ್ಡಿಗೂ ಇರೋ ನಂಟು ಇದರಲ್ಲಿ ಕಣ್ಣಿಗೆ ಕಟ್ಟಿದಂಗೆ ಕಾಣತ್ತೆ.

ಮತ್ತೆ ಇದೊಂದು ಸುತ್ತು. ಥೈರಾಯ್ಡ್ ಕಮ್ಮಿ ಆದವರಿಗೆ ಮುಟ್ಟಿನ ರಕ್ತಸ್ರಾವ ಜಾಸ್ತಿ ಆಗಬಹುದು, ಜಾಸ್ತಿ ಹೋದ್ರೆ ಕಬ್ಬಿಣ ಹೋಗತ್ತೆ, ಕಬ್ಬಿಣ ಹೋದ್ರೆ ಥೈರಾಯ್ಡ್ ಇನ್ನೂ ಸೊರಗತ್ತೆ. ಅಕ್ಕನಿಗೆ ತಿಂಗಳಲ್ಲಿ ಏಳೆಂಟು ದಿನ ಹೋಗ್ತಿತ್ತು, ಎರಡು ಗಂಟೆಗೊಂದು ಪ್ಯಾಡ್ ಬದಲಾಯಿಸ್ತಿದ್ಲು. ಇದನ್ನ ಅವಳು ಯಾವ ಡಾಕ್ಟರ ಹತ್ರನೂ ಹೇಳಿರ್ಲಿಲ್ಲ, ಅಮ್ಮನಿಗೂ ಹಂಗೇ ಇತ್ತು, ನಮ್ಮನೆ ಹೆಂಗಸರಿಗೆ ಹಂಗೇ ಅಂತ ಅಂದ್ಕೊಂಡುಬಿಟ್ಟಿದ್ಲು. ಕೊನೆಗೆ ಒಬ್ಬ ಡಾಕ್ಟರಮ್ಮ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿ, ಉಗುರು ನೋಡಿ, "ಪೀರಿಯಡ್ಸ್ ಹೆಂಗಿದೆಯಮ್ಮ?" ಅಂತ ಕೇಳಿದ್ರು. ಆ ಒಂದು ಪ್ರಶ್ನೆ ಎರಡು ವರ್ಷ ಯಾರೂ ಕೇಳಿರ್ಲಿಲ್ಲ. ಹಿಮೋಗ್ಲೋಬಿನ್ 10.4, ಫೆರಿಟಿನ್ 7.

ಫೆರಿಟಿನ್ ಅಂದ್ರೆ ಕಬ್ಬಿಣದ ಕಣಜ. ಹಿಮೋಗ್ಲೋಬಿನ್ ಅಂದ್ರೆ ಇವತ್ತು ಮಡಕೇಲಿ ಬೇಯ್ತಿರೋ ಅಕ್ಕಿ. ಮಡಕೇಲಿ ಅನ್ನ ಇದೆ ಅಂದ ಮಾತ್ರಕ್ಕೆ ಕಣಜ ತುಂಬಿದೆ ಅಂತ ಅಲ್ಲ, ಮೈ ಮೊದಲು ಕಣಜ ಖಾಲಿ ಮಾಡತ್ತೆ, ಆಮೇಲೆ ಮಡಕೆಗೆ ಕೈ ಹಾಕತ್ತೆ. ಹಂಗಾಗಿ ಹಿಮೋಗ್ಲೋಬಿನ್ 12ರ ಮೇಲಿದ್ರೂ ಫೆರಿಟಿನ್ ನೆಲ ಕಚ್ಚಿರಬಹುದು. ಆರೋಗ್ಯವಂತ ದೊಡ್ಡವರಲ್ಲಿ 15ಕ್ಕಿಂತ ಕಮ್ಮಿ ಅಂದ್ರೆ ಕಬ್ಬಿಣ ಖಾಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, 30ಕ್ಕಿಂತ ಕಮ್ಮಿ ಇದ್ರೇನೇ ತುಂಬ ವೈದ್ಯರು ಚಿಕಿತ್ಸೆ ಬಗ್ಗೆ ಯೋಚಿಸ್ತಾರೆ. ಒಂದು ಎಚ್ಚರ: ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕಾಣತ್ತೆ, ಅದಕ್ಕೇ ಜ್ವರ ಬಂದು ಹೋದ ವಾರದಲ್ಲಿ ಈ ಟೆಸ್ಟ್ ಮಾಡಿಸ್ಬೇಡಿ. ಇನ್ನೊಂದು ಎಚ್ಚರ: ಥಲಸೀಮಿಯಾ ಅನ್ನೋ ವಂಶದಿಂದ ಬರೋ ರಕ್ತದ ತೊಂದರೆಯ ವಾಹಕರಿಗೂ ರಕ್ತಕಣ ಚಿಕ್ಕದಾಗಿ, ಹಿಮೋಗ್ಲೋಬಿನ್ ಕಮ್ಮಿ ಕಾಣತ್ತೆ, ಅವರಿಗೆ ಕಬ್ಬಿಣ ಬೇಕಿರದೇ ಇರಬಹುದು, ಹಂಗಾಗಿ ಟೆಸ್ಟ್ ಮಾಡಿಸ್ದೆ ಮೆಡಿಕಲ್ ಶಾಪಿಂದ ಐರನ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ.

ಊಟದ ವಿಷಯಕ್ಕೆ ಬಂದ್ರೆ, "ರಾಗಿ ಮುದ್ದೆ ತಿನ್ನು, ಸೊಪ್ಪು ತಿನ್ನು, ರಕ್ತ ಬರತ್ತೆ" ಅನ್ನೋದು ಅರ್ಧ ನಿಜ. ರಾಗೀಲಿ, ಸೊಪ್ಪಲ್ಲಿ, ಹುರುಳೀಲಿ ಕಬ್ಬಿಣ ಇದೆ, ಆದ್ರೆ ಅದರ ಜೊತೆಗೇ ಇರೋ ಫೈಟೇಟ್ ಅಂಥವು ಕಬ್ಬಿಣನ ಹಿಡ್ಕೊಂಡು ಬಿಡಲ್ಲ, ಮೈಗೆ ಸೇರೋದು ಸ್ವಲ್ಪ. ರಾಗಿನ, ಕಾಳನ್ನ ಮೊಳಕೆ ಕಟ್ಟಿದ್ರೆ ಆ ಹಿಡಿತ ಸಡಿಲ ಆಗತ್ತೆ, ಮಗುಗೆ ರಾಗಿ ಸರಿ ಮಾಡಕ್ಕೆ ಅಜ್ಜಿ ರಾಗಿ ನೆನೆಸಿ ಬಟ್ಟೇಲಿ ಕಟ್ಟಿಡ್ತಿದ್ರಲ್ಲ, ಅದರ ಹಿಂದೆ ಇಷ್ಟು ಒಳ್ಳೇ ಲೆಕ್ಕ ಇದೆ. ಬಸ್ಸಾರಿಗೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿದ್ರೆ ಅದರ ವಿಟಮಿನ್ ಸಿ ಕಬ್ಬಿಣನ ಒಳಗೆ ಎಳ್ಕೊಳ್ಳಕ್ಕೆ ಸಹಾಯ ಮಾಡತ್ತೆ. ಊಟ ಮುಗಿದ ತಕ್ಷಣ ಕಾಫಿ ಟೀ ಕುಡಿದ್ರೆ ಅದರಲ್ಲಿ ಬಹಳಷ್ಟು ಹಾಳು, ಒಂದು ಗಂಟೆ ಆದ್ರೂ ಬಿಡಿ. ಮಾಂಸ ತಿನ್ನೋರಿಗೆ ಕುರಿ ಲಿವರ್, ಮಾಂಸದ ಕಬ್ಬಿಣ ಬೇಗ ಹಿಡಿಯತ್ತೆ, ಬಸುರಿಯರು ಮಾತ್ರ ಲಿವರ್ ದೂರ ಇಡ್ಬೇಕು, ಅದರಲ್ಲಿ ವಿಟಮಿನ್ ಎ ತೀರಾ ಜಾಸ್ತಿ. ಆದ್ರೆ ಫೆರಿಟಿನ್ 7 ಇದ್ದೋರಿಗೆ ಊಟ ಒಂದೇ ಸಾಕಾಗಲ್ಲ, ಮಾತ್ರೆ ಬೇಕು, ಹಿಮೋಗ್ಲೋಬಿನ್ ಸರಿ ಆದ್ಮೇಲೂ ಕಣಜ ತುಂಬಕ್ಕೆ ಇನ್ನೂ ಕೆಲವು ತಿಂಗಳು ತಗೋಬೇಕು. ಮಲ ಕಪ್ಪಾಗತ್ತೆ, ಹೊಟ್ಟೆ ಕಟ್ಟತ್ತೆ ಅಂತ ಅರ್ಧಕ್ಕೆ ಬಿಡೋರೇ ಜಾಸ್ತಿ, ಬಿಡೋ ಬದಲು ಡಾಕ್ಟರಿಗೆ ಹೇಳಿ, ದಿನ ಬಿಟ್ಟು ದಿನ ತಗೊಳ್ಳೋ ಪದ್ಧತಿನೂ ಇದೆ, ಬೇರೆ ಥರದ ಐರನ್ನೂ ಇದೆ.

ಬಿ12 ಇನ್ನೊಂದು. ಇದು ನೇರವಾಗಿ ಒಲೆ ಆರಿಸಲ್ಲ, ಆದ್ರೆ ಕಮ್ಮಿ ಆದ್ರೆ ರಕ್ತಕಣ ಸರಿಯಾಗಿ ಹುಟ್ಟಲ್ಲ, ನರಗಳೂ ಸೊರಗ್ತವೆ. ಕಾಲಲ್ಲಿ ಜೋಮು, ಪಾದ ಮರಗಟ್ಟಿದಂಗೆ, ಹತ್ತಿ ಮೇಲೆ ನಡೆದಂಗೆ ಅನ್ಸೋದು. ಕೆಲವರು ಈ ಜೋಮನ್ನೇ "ಕಾಲು ತಣ್ಣಗಾಗತ್ತೆ" ಅಂತ ಹೇಳ್ತಾರೆ, ಮುಟ್ಟಿ ನೋಡಿದ್ರೆ ಪಾದ ಬೆಚ್ಚಗೇ ಇರತ್ತೆ! ಹಂಗಾಗಿ ನಿಮ್ಮ ಕಾಲನ್ನ ಬೇರೆಯವರ ಕೈಲಿ ಮುಟ್ಟಿಸಿ ನೋಡಿ, ಅದು ನಿಜವಾದ ತಂಪೋ ನರದ ಸುಳ್ಳು ಸುದ್ದಿಯೋ ಗೊತ್ತಾಗತ್ತೆ. ಬಿ12 ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು ಇವುಗಳಲ್ಲಿ. ಸೊಪ್ಪು ತರಕಾರಿ ಬೇಳೇಲಿ ಇಲ್ಲ. ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ, ಗ್ಯಾಸಿನ ಮಾತ್ರೆ ಬಿಡದೆ ನುಂಗೋರಿಗೆ ಇದು ಇಳಿಯೋದು ಜಾಸ್ತಿ. ಹಶಿಮೋಟೋ ಇರೋ ಕೆಲವರಲ್ಲಿ ಅದೇ ರೋಗನಿರೋಧಕ ಶಕ್ತಿ ಹೊಟ್ಟೆಯ ಒಳಪದರದ ಮೇಲೂ ಬೀಳತ್ತೆ, ಆಗ ಊಟದಲ್ಲಿ ಬಿ12 ಇದ್ರೂ ಮೈಗೆ ಹತ್ತಲ್ಲ, ಕಬ್ಬಿಣನೂ ಸರಿಯಾಗಿ ಹತ್ತಲ್ಲ. ಅಂಥವರಿಗೆ ಇಂಜೆಕ್ಷನ್ ಅಥವಾ ದೊಡ್ಡ ಡೋಸಿನ ಮಾತ್ರೆ ಬೇಕಾಗತ್ತೆ. ರಿಪೋರ್ಟಲ್ಲಿ 200ಕ್ಕಿಂತ ಕೆಳಗಿದ್ರೆ ಕೊರತೆ ಅಂತ ಹಿಡೀತಾರೆ.

ವಿಟಮಿನ್ ಡಿ ಬಗ್ಗೆ ಜಾಸ್ತಿ ಹೇಳಲ್ಲ. ಕಮ್ಮಿ ಇದ್ರೆ ಮೂಳೆ ನೋವು, ಸೊಂಟ ನೋವು, ಮೆಟ್ಟಿಲು ಹತ್ತಕ್ಕೆ ತೊಡೆ ಸೋಲೋದು ಇರತ್ತೆ, ಕಮ್ಮಿ ಇದ್ರೆ ತಗೊಳ್ಳಿ, ಆದ್ರೆ ಅದರಿಂದ ಚಳಿ ಹೋಗತ್ತೆ ಅಂತ ಕಾಯಬೇಡಿ. ಸೆಲೆನಿಯಂ ಟಿ4ನ ಟಿ3 ಮಾಡೋ ಕಿಣ್ವಕ್ಕೆ ಬೇಕು ಅನ್ನೋದು ನಿಜ, ಆದ್ರೆ ಕೊರತೆ ಇಲ್ಲದೋರು ತಗೊಂಡ್ರೆ ಲಾಭ ಇಲ್ಲ, ಜಾಸ್ತಿ ಆದ್ರೆ ಕೂದಲು ಉದುರತ್ತೆ, ಉಗುರು ಪುಡಿಯಾಗತ್ತೆ. ಯಾವ ತೊಂದರೆಗೆ ಅಂತ ತಗೊಂಡ್ರೋ ಅದೇ ತೊಂದರೆ ಬಂದು ಕೂರತ್ತೆ.

ಅಯೋಡಿನ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇಲ್ಲಿ ಎರಡೂ ಕಡೆ ತಪ್ಪು ಮಾಡ್ತೀವಿ. ಹಿಂದೆ ಬೆಟ್ಟದ ಸೀಮೆಗಳಲ್ಲಿ ಮಳೆಗೆ ಮಣ್ಣಿನ ಅಯೋಡಿನ್ ತೊಳೆದುಹೋಗಿ ಗಳಗಂಡ ಮನೆಮನೆಯಲ್ಲೂ ಇರ್ತಿತ್ತು. 1956ರಲ್ಲಿ ಶುರುವಾದ ಪ್ರಯೋಗದಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟು ಗಳಗಂಡ ಇಳಿಯೋದನ್ನ ತೋರಿಸ್ತು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಅಂಗಡಿ ಉಪ್ಪಲ್ಲಿ ನಮ್ಮ ಕೈಗೆ ಬರೋ ಹೊತ್ತಿಗೆ ಕನಿಷ್ಠ 15 ಪಿಪಿಎಂ (ಅಂದ್ರೆ ಕೆಜಿಗೆ 15 ಮಿಲಿಗ್ರಾಂ) ಅಯೋಡಿನ್ ಇರಬೇಕು ಅನ್ನೋದು ನಿಯಮ. ಈಗ ಏನಾಗಿದೆ ಅಂದ್ರೆ, ಆರೋಗ್ಯಕ್ಕೆ ಒಳ್ಳೇದು ಅಂತ ಮನೆಗೆ ಪಿಂಕ್ ಸಾಲ್ಟು, ಸೈಂಧವ ಉಪ್ಪು, ಕಲ್ಲುಪ್ಪು ತಂದು ಅದನ್ನೇ ಪೂರ್ತಿ ಬಳಸೋದು ಶುರುವಾಗಿದೆ, ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ರೆ ಅದರಿಂದ ಅಯೋಡಿನ್ ಸಿಗಲ್ಲ ಅಂತಲೇ ತಿಳ್ಕೊಳ್ಳಿ. ಬಸುರಿಯರು, ಹಾಲೂಡಿಸೋ ತಾಯಂದಿರು ಇರೋ ಮನೇಲಂತೂ ದಯವಿಟ್ಟು ಹೀಗೆ ಮಾಡ್ಬೇಡಿ, ಅವರಿಗೆ ಅಯೋಡಿನ್ ಮಿಕ್ಕವರಿಗಿಂತ ಜಾಸ್ತಿ ಬೇಕು, ಮಗುವಿನ ಮೆದುಳು ಬೆಳೆಯೋ ಕಾಲ ಅದು. ಇನ್ನೊಂದು ಕಡೆ, ಥೈರಾಯ್ಡ್ ಇದೆ ಅಂದ ಕೂಡಲೇ ಅಯೋಡಿನ್ ಡ್ರಾಪ್ಸು, ಕಡಲಪಾಚಿ ಕ್ಯಾಪ್ಸೂಲು ತರಿಸಿ ತಗೊಳ್ಳೋರಿದಾರೆ. ಹಶಿಮೋಟೋ ಇದ್ರೆ ಇದರಿಂದ ಥೈರಾಯ್ಡ್ ಇನ್ನೂ ಕೆಡಬಹುದು. ಮಾಮೂಲಿ ಅಯೋಡಿನ್ ಉಪ್ಪು, ಮುಚ್ಚಳ ಭದ್ರ ಇರೋ ಡಬ್ಬೀಲಿ ಇಟ್ಟಿದ್ದು, ಅಡುಗೆ ಕೊನೇಲಿ ಹಾಕಿದ್ದು, ಅಷ್ಟು ಸಾಕು. ಕೋಸು, ಹೂಕೋಸು ಬಿಡಬೇಕಾ ಅಂತ ಎಲ್ಲರೂ ಕೇಳ್ತಾರೆ, ಬೇಯಿಸಿ ಊಟದ ಜೊತೆ ತಿಂದ್ರೆ ಏನೂ ಆಗಲ್ಲ.

ಇನ್ನು ಮಾತ್ರೆ ನುಂಗೋ ರೀತಿ. ಅಕ್ಕ ಬೆಳಗ್ಗೆ ಆರಕ್ಕೆ ಎದ್ದು ಡಿಕಾಕ್ಷನ್ ಇಳಿಯೋಷ್ಟರಲ್ಲಿ ಮಾತ್ರೆ ಬಾಯಿಗೆ ಹಾಕ್ಕೊಂಡು, ಐದು ನಿಮಿಷಕ್ಕೆ ಕಾಫಿ ಕುಡೀತಿದ್ಲು. ತಿಂಡಿ ಆದ್ಮೇಲೆ ಕ್ಯಾಲ್ಸಿಯಂ. "ಖಾಲಿ ಹೊಟ್ಟೇಲೇ ತಗೋತೀನಲ್ಲ" ಅಂತ ಅವಳ ವಾದ, ತಪ್ಪೂ ಅಲ್ಲ, ಯಾರೂ ಅವಳಿಗೆ ಕಾಫಿ ವಿಷಯ ಬಿಡಿಸಿ ಹೇಳಿರ್ಲಿಲ್ಲ. ಥೈರಾಯ್ಡ್ ಮಾತ್ರೇಲಿರೋ ಲೆವೋಥೈರಾಕ್ಸಿನ್ ಬಲು ಸೂಕ್ಷ್ಮದ ಔಷಧಿ, ಲೆಕ್ಕ ಮೈಕ್ರೋಗ್ರಾಂನಲ್ಲಿ, ಕಾಫಿ, ಹಾಲು, ಸೋಯಾ ಸಿಕ್ರೆ ಕರುಳಲ್ಲೇ ಒಂದು ಪಾಲು ಉಳಿದುಬಿಡತ್ತೆ. ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಐರನ್, ಕ್ಯಾಲ್ಸಿಯಂ, ಗ್ಯಾಸಿಗೆ ಕುಡಿಯೋ ಆಂಟಾಸಿಡ್ ಇವಕ್ಕೂ ಇದಕ್ಕೂ 4 ಗಂಟೆ ಅಂತರ. ಹಂಗಾಗಿ ಥೈರಾಯ್ಡ್ ಮಾತ್ರೆ ಬೆಳಗ್ಗೆ, ಐರನ್ ಮಧ್ಯಾಹ್ನ ಅಥವಾ ಸಂಜೆ, ಕ್ಯಾಲ್ಸಿಯಂ ರಾತ್ರಿ, ಹಿಂಗೆ ಹಂಚ್ಕೋಬಹುದು. ಬೆಳಗ್ಗೆ ಕಾಫಿ ಬಿಟ್ಟು ಬದುಕಕ್ಕೇ ಆಗಲ್ಲ ಅನ್ನೋರು ಡಾಕ್ಟರನ್ನ ಕೇಳಿ ರಾತ್ರಿ ಊಟ ಆಗಿ ಮೂರು ಗಂಟೆ ಬಿಟ್ಟು ಮಲಗೋ ಮುಂಚೆ ತಗೊಳ್ಳಬಹುದು, ಅದೂ ಚೆನ್ನಾಗೇ ಕೆಲಸ ಮಾಡತ್ತೆ. ಬಾಟ್ಲಿನ ಒಲೆ ಪಕ್ಕದ ಶೆಲ್ಫಲ್ಲಿ, ಬಿಸಿಲು ಬೀಳೋ ಕಿಟಕೀಲಿ ಇಡಬೇಡಿ, ಬಿಸಿಗೆ ತೇವಕ್ಕೆ ಮಾತ್ರೆ ಶಕ್ತಿ ಕಳ್ಕೊಳ್ಳತ್ತೆ.

ಡೋಸ್ ಬದಲಾದ್ರೆ ಆರರಿಂದ ಎಂಟು ವಾರ ಕಾಯಬೇಕು ಮತ್ತೆ ಟೆಸ್ಟ್ ಮಾಡಿಸಕ್ಕೆ. ಮೈಯಲ್ಲಿ ಟಿ4 ಅರ್ಧ ಇಳಿಯಕ್ಕೇ ಸುಮಾರು ಒಂದು ವಾರ ಬೇಕು, ಹದಕ್ಕೆ ಬರಕ್ಕೆ ಅಷ್ಟು ಟೈಮ್ ಹಿಡಿಯತ್ತೆ. ಮಾತ್ರೆ ಶುರು ಮಾಡಿ ಹತ್ತು ದಿನಕ್ಕೆ "ಇನ್ನೂ ಚಳಿ ಹೋಗಿಲ್ಲ" ಅಂತ ಬೇಜಾರಾಗ್ಬೇಡಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ರೆ ರಕ್ತ ಕೊಡೋ ಎರಡು ದಿನ ಮುಂಚೆ ನಿಲ್ಲಿಸಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸತ್ತೆ.

ಮತ್ತೆ ಡೋಸ್ ಸುಮ್ನೆ ಏರಿಸೋದರ ಬಗ್ಗೆ ನನಗೆ ನಿಜವಾದ ಹೆದರಿಕೆ ಇದೆ. ಚಳಿ ಹೋಗ್ಲಿ ಅಂತ ಅರ್ಧ ಮಾತ್ರೆ ತಾವೇ ಜಾಸ್ತಿ ಮಾಡ್ಕೊಳ್ಳೋರು ಇದಾರೆ. ಡೋಸ್ ಮೀರಿದ್ರೆ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ವಯಸ್ಸಾದವರಲ್ಲಿ ಹೃದಯದ ಬಡಿತವೇ ತಾಳ ತಪ್ಪತ್ತೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯತ್ತೆ. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿ ಟಿ4 ಸರಿಯಾಗೇ ಇರೋ ಸ್ಥಿತಿ ಇದೆಯಲ್ಲ, ಅಂಥ 65 ದಾಟಿದ 737 ಜನಕ್ಕೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿದ ಯುರೋಪಿನ ಅಧ್ಯಯನ 2017ರಲ್ಲಿ ಬಂತು, ಸುಸ್ತಿನಲ್ಲಾಗಲಿ ಬೇರೆ ಥೈರಾಯ್ಡ್ ಲಕ್ಷಣಗಳಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣ್ಲಿಲ್ಲ. ಅಂದ್ರೆ ಟಿಎಸ್‌ಎಚ್ 6 ಇರೋ ಅಜ್ಜಿಗೆ ಚಳಿ ಆಗ್ತಿದ್ರೆ ಆ 6ರ ಮೇಲೇ ಎಲ್ಲ ತಪ್ಪು ಹೊರಿಸೋ ಮುಂಚೆ ಬೇರೆ ಕಡೆನೂ ನೋಡಬೇಕು.

ಬೇರೆ ಕಡೆ ಅಂದ್ರೆ, ಬಿಪಿಗೆ, ಮೈಗ್ರೇನಿಗೆ ಕೊಡೋ ಪ್ರೊಪ್ರನೊಲಾಲ್ ಥರದ ಮಾತ್ರೆಗಳಿಂದ ಕೈಕಾಲು ತಣ್ಣಗಾಗತ್ತೆ. ತೂಕ ತೀರಾ ಕಮ್ಮಿ ಇರೋರಿಗೆ, ಉಪವಾಸದ ಡಯಟ್ ಮಾಡೋರಿಗೆ ಒಲೆಗೆ ಸೌದೆನೇ ಇಲ್ಲ. ತಣ್ಣೀರು ಮುಟ್ಟಿದ ಕೂಡಲೇ ಬೆರಳು ಬಿಳಚಿ, ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿದ್ರೆ ಅದು ರೇನಾಡ್ ಅನ್ನೋ ರಕ್ತನಾಳದ ತೊಂದರೆ. ಇನ್ನೊಂದನ್ನ ನಮ್ಮ ಹೆಂಗಸರಿಗೋಸ್ಕರ ಒತ್ತಿ ಹೇಳ್ಬೇಕು: ಹೆರಿಗೇಲಿ ತುಂಬ ರಕ್ತ ಹೋಗಿ, ಆಮೇಲೆ ಎದೆಹಾಲೇ ಬರದೆ, ಮುಟ್ಟೂ ತಿರುಗಿ ಬರದೆ, ವರ್ಷಗಟ್ಟಲೆ ಸುಸ್ತು, ಚಳಿ ಇದ್ರೆ ಪಿಟ್ಯುಟರಿ ಗ್ರಂಥಿಗೇ ಪೆಟ್ಟಾಗಿರಬಹುದು, ಶೀಹನ್ ಸಿಂಡ್ರೋಮ್ ಅಂತಾರೆ. ಇಲ್ಲಿ ಕೂಗೋ ಮೇಸ್ತ್ರಿನೇ ಬಿದ್ದುಹೋಗಿರೋದ್ರಿಂದ ಟಿಎಸ್‌ಎಚ್ ನಾರ್ಮಲ್ ಅಂತಲೇ ಬರಬಹುದು, ಫ್ರೀ ಟಿ4 ನೋಡಿದ್ರೆ ಮಾತ್ರ ಕಮ್ಮಿ ಇರೋದು ಗೊತ್ತಾಗೋದು. ಅಂಥವರಿಗೆ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್ ಕೂಡ ಕಮ್ಮಿ ಇದ್ರೆ ಅದನ್ನ ಮೊದಲು ಸರಿ ಮಾಡಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು, ಹಿಂದುಮುಂದಾದ್ರೆ ಅಪಾಯ.

ಹಂಗಾಗಿ ಚಳಿ ಅಂತ ಡಾಕ್ಟರ ಹತ್ರ ಹೋಗೋವಾಗ ಟಿಎಸ್‌ಎಚ್ ಒಂದನ್ನೇ ಹಿಡ್ಕೊಂಡು ಹೋಗ್ಬೇಡಿ. ಫ್ರೀ ಟಿ4, ಸಿಬಿಸಿ (ರಕ್ತಕಣಗಳ ಲೆಕ್ಕ), ಫೆರಿಟಿನ್, ಬಿ12, ಶುಗರ್ ಇಷ್ಟನ್ನ ನೋಡೋಣವಾ ಅಂತ ಕೇಳಿ. ಮುಟ್ಟು ಎಷ್ಟು ದಿನ, ಎಷ್ಟು ಪ್ಯಾಡು, ಮಾತ್ರೆ ಎಷ್ಟೊತ್ತಿಗೆ ಏನರ ಜೊತೆ, ಬೇರೆ ಏನೇನು ಮಾತ್ರೆ, ಒಂದು ಚೀಟೀಲಿ ಬರ್ಕೊಂಡು ಹೋಗಿ, ಎದುರು ಕೂತಾಗ ಮರೆತುಹೋಗತ್ತೆ. ಅಕ್ಕನಿಗೆ ಡೋಸ್ ಒಂದು ಮೈಕ್ರೋಗ್ರಾಮೂ ಏರಿಸ್ಲಿಲ್ಲ. ಕಾಫಿನ ಏಳು ಗಂಟೆಗೆ ತಳ್ಳಿದ್ರು, ಕ್ಯಾಲ್ಸಿಯಂನ ರಾತ್ರಿಗೆ ಹಾಕಿದ್ರು, ಐರನ್ ಶುರು ಮಾಡಿದ್ರು, ಮುಟ್ಟಿಗೆ ಬೇರೆ ಚಿಕಿತ್ಸೆ. ಮೊದಲ ತಿಂಗಳು ಏನೂ ಗೊತ್ತಾಗ್ಲಿಲ್ಲ. ನಾಲ್ಕನೇ ತಿಂಗಳು ಫೆರಿಟಿನ್ 34ಕ್ಕೆ ಬಂತು, ಆ ಹೊತ್ತಿಗೆ ಸಾಕ್ಸ್ ಬಿಟ್ಟಿದ್ಲು, ಬೆಳಗ್ಗೆ ಬೇಸಿನ್ ನೀರಲ್ಲಿ ಪಾತ್ರೆ ತೊಳೆಯೋವಾಗ ಬೆರಳು ನೋಯೋದು ನಿಂತಿತ್ತು.

ಕೊನೇದಾಗಿ ಮನೇಲಿ ವಯಸ್ಸಾದವರು ಇದ್ರೆ ಒಂದು ಮಾತು. ಥೈರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ಬಿಟ್ಟಿರೋ ಅಜ್ಜಿ ಅಥವಾ ಅಜ್ಜ, ಡಿಸೆಂಬರ್ ಜನವರಿ ಚಳಿಯಲ್ಲಿ, ಇಲ್ಲಾ ಒಂದು ಸೋಂಕು ಬಂದಾಗ, ಮಂಕಾಗಿ, ಕೂಗಿದ್ರೆ ನಿಧಾನಕ್ಕೆ ಓಗೊಟ್ಟು, ಮುಖ ಊದಿ, ಮೈ ಮುಟ್ಟಿದ್ರೆ ತಣ್ಣಗೆ, ಉಸಿರು ನಿಧಾನ ಅಂತ ಕಂಡ್ರೆ ವಯಸ್ಸಿನ ಮಂಕು ಅಂತ ಬಿಡಬೇಡಿ. ಇದು ಜೀವಕ್ಕೆ ಅಪಾಯದ ಸ್ಥಿತಿ. ಮಾತ್ರೆ ಬಾಯಿಗೆ ತುರುಕಕ್ಕೆ ಹೋಗ್ಬೇಡಿ, ಬಿಸಿನೀರಿನ ಬ್ಯಾಗ್ ಮೈಗೆಲ್ಲ ಒತ್ತಿ ಕಾಯಿಸಬೇಡಿ, ಅದರಿಂದ ಬಿಪಿ ಕುಸಿಯತ್ತೆ, ಕಂಬಳಿ ಹೊದಿಸಿ ಕೂಡಲೇ 108ಕ್ಕೆ ಕಾಲ್ ಮಾಡಿ. ಮಾತ್ರೆ ಬಾಟ್ಲಿನೂ ಹಳೇ ರಿಪೋರ್ಟೂ ಜೊತೆಗೆ ತಗೊಂಡು ಹೋಗಿ, ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ರು ಅನ್ನೋದನ್ನ ಅಲ್ಲಿ ಡಾಕ್ಟರಿಗೆ ಮೊದಲು ಹೇಳಿ.